ಕರಟ–ಕಡ್ಡಿಗಳಿಂದ ಜಲಜನಕ

ಜಲಜನಕವನ್ನು ಇಂಧನವಾಗಿ ಬಳಸುವ ಮಾತು ಬಂದಾಗಲೆಲ್ಲ ನೀರನ್ನು ವಿದ್ಯುತ್ತಿನಿಂದ ಒಡೆಯುವ ವಿದ್ಯುದ್ವಿಭಜನೆಯೇ ಮುಂದೆ ನಿಲ್ಲುತ್ತದೆಯಾದರೂ, ಒಂದು ಕಿಲೋ ಜಲಜನಕಕ್ಕೆ ಸುಮಾರು 50 ಯೂನಿಟ್ ವಿದ್ಯುತ್ ಬೇಡುವ ಆ ವಿಧಾನವು ಸಣ್ಣ ಊರಿನ ಉದ್ಯಮಿಗೆ ಸುಲಭವಾಗಿ ಎಟುಕುವಂಥದ್ದಲ್ಲ. ಹೊಲ–ತೋಟಗಳಲ್ಲಿ ಉಳಿಯುವ ಕೃಷಿತ್ಯಾಜ್ಯದಿಂದಲೇ ಜಲಜನಕ ಪಡೆಯುವ ಬೇರೊಂದು ದಾರಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಎಸ್. ದಾಸಪ್ಪ ಅವರ ತಂಡ ರೂಪಿಸಿದೆ. ಇದು ಏಕಾಏಕಿ ಹುಟ್ಟಿದ ವಿದ್ಯೆಯಲ್ಲ. ಗ್ರಾಮೀಣ ತಂತ್ರಜ್ಞಾನಕ್ಕೆಂದೇ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು ಅದೇ ಸಂಸ್ಥೆಯಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರದ ಪರಂಪರೆಯಲ್ಲಿ, 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಗೆ ಕಟ್ಟಿಗೆಯ ಅನಿಲದಿಂದ ದೀಪ ಹಚ್ಚಿದ ಅನುಭವವೂ ಇದರ ಹಿಂದಿದೆ.

ವಿಧಾನದ ತಿರುಳು ಅನಿಲೀಕರಣ, ಎಂದರೆ ಒಣ ಜೀವರಾಶಿಯನ್ನು ಪೂರ್ತಿ ಉರಿದುಹೋಗಲು ಬಿಡದೆ, ಮಿತವಾದ ಆಮ್ಲಜನಕದಲ್ಲಿ ಕಾಯಿಸಿ ಅನಿಲವಾಗಿಸುವುದು. ಸಾಮಾನ್ಯ ಅನಿಲೀಕರಣದಲ್ಲಿ ಗಾಳಿಯನ್ನೇ ಊದುವುದರಿಂದ ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚಿರುವ ಸಾರಜನಕವು ಉತ್ಪನ್ನದೊಳಗೆ ಬೆರೆತು ಅದನ್ನು ತೆಳುವಾಗಿಸುತ್ತದೆ. ಇಲ್ಲಿ ಗಾಳಿಯ ಬದಲು ಆಮ್ಲಜನಕವನ್ನೂ ನೀರಿನ ಹಬೆಯನ್ನೂ ಹಾಯಿಸಲಾಗುತ್ತದೆ. ಕೆಂಡವಾದ ಇದ್ದಿಲನ್ನು ಹಬೆ ಮುಟ್ಟಿದಾಗ ಇಂಗಾಲವು ನೀರಿನ ಆಮ್ಲಜನಕವನ್ನು ಕಸಿದುಕೊಂಡು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ, ನೀರಿನೊಳಗಿದ್ದ ಜಲಜನಕ ಬಿಡುಗಡೆಯಾಗುತ್ತದೆ. ಒಂದು ಕಿಲೋ ಜೀವರಾಶಿಯಲ್ಲಿ ಇರುವುದೇ ಸುಮಾರು 60 ಗ್ರಾಂ ಜಲಜನಕ. ಆದರೂ ಈ ವಿಧಾನದಲ್ಲಿ 100 ಗ್ರಾಂ ದೊರೆಯುವುದಾಗಿ ಸಂಸ್ಥೆ 2022ರಲ್ಲಿ ಪ್ರಕಟಿಸಿದ್ದು, ಹೆಚ್ಚುವರಿ ಪಾಲು ಬರುವುದು ಹಬೆಯಿಂದಲೇ ಎಂಬುದು ಈ ವಿಧಾನದ ನಿಜವಾದ ಹೆಗ್ಗಳಿಕೆ. ಹೀಗೆ ಬಂದ ಮಿಶ್ರಣವನ್ನು ಸಿನ್‌ಗ್ಯಾಸ್ ಎನ್ನುತ್ತಾರೆ. ಅದರಿಂದ ಜಲಜನಕವನ್ನು ಬೇರ್ಪಡಿಸಲು, ಉಳಿದ ಅನಿಲಗಳನ್ನು ಹಿಡಿದಿಟ್ಟುಕೊಂಡು ಜಲಜನಕವನ್ನು ಮಾತ್ರ ಮುಂದಕ್ಕೆ ಬಿಡುವ, ಕಡಿಮೆ ಒತ್ತಡದಲ್ಲಿ ಕೆಲಸ ಮಾಡುವ ಘಟಕವನ್ನು ದೇಶೀಯವಾಗಿಯೇ ಅಭಿವೃದ್ಧಿಪಡಿಸಲಾಗಿದೆ. ಹೊರಬೀಳುವ ಇಂಗಾಲ ಬೆಳೆಯು ಗಾಳಿಯಿಂದ ಹೀರಿಕೊಂಡದ್ದೇ ಆದುದರಿಂದ ವಾತಾವರಣಕ್ಕೆ ಹೊಸ ಹೊರೆಯಾಗುವುದಿಲ್ಲ.

ದಿನಕ್ಕೆ 0.25 ಟನ್ ಜಲಜನಕ ಉತ್ಪಾದಿಸಿ ಇಂಧನಕೋಶದ ಬಸ್ಸುಗಳಿಗೆ ಒದಗಿಸುವ ಮಟ್ಟಕ್ಕೆ ಇದನ್ನು ಹಿಗ್ಗಿಸಲು ಇಂಡಿಯನ್ ಆಯಿಲ್ ಸಂಸ್ಥೆ ನೆರವಾಗಿದೆ. ಮೇಲಿನ ಲೆಕ್ಕದಂತೆ ಇದಕ್ಕೆ ಬೇಕಾದದ್ದು ದಿನಕ್ಕೆ ಸುಮಾರು ಎರಡೂವರೆ ಟನ್ ಒಣ ಕಚ್ಚಾವಸ್ತು. ತಿಪಟೂರು ಸೀಮೆಯ ಕರಟ, ಕಲಬುರಗಿಯ ತೊಗರಿ ಕಟ್ಟಿಗೆಗಳನ್ನು ನೆನೆದರೆ ಒಂದು ತಾಲ್ಲೂಕಿಗೆ ಇದು ಭಾರವಾದ ಪ್ರಮಾಣವಲ್ಲ. ಸ್ಥಳೀಯ ಉದ್ಯಮದ ಸಮರ್ಥನೆಯೂ ಇಲ್ಲಿಯೇ ಇದೆ: ಸಿಪ್ಪೆ–ಕಡ್ಡಿಗಳು ಹಗುರವಾಗಿದ್ದು ಲಾರಿಯಲ್ಲಿ ಜಾಗವನ್ನೇ ನುಂಗುತ್ತವೆ, ಜಲಜನಕವಾದರೋ ಸಾಮಾನ್ಯ ಒತ್ತಡದಲ್ಲಿ ಕಿಲೋಗೆ 11 ಘನ ಮೀಟರಿಗೂ ಹೆಚ್ಚು ಜಾಗ ಬೇಡುತ್ತದೆ; ಎರಡನ್ನೂ ದೂರ ಸಾಗಿಸುವುದು ನಷ್ಟದ ಬಾಬತ್ತಾದ್ದರಿಂದ ಕಚ್ಚಾವಸ್ತು, ಘಟಕ, ಕೊಳ್ಳುವವರು ಒಂದೇ ಆಸುಪಾಸಿನಲ್ಲಿ ಇರಬೇಕಾಗುತ್ತದೆ.

ತೊಡಕುಗಳು ಸಣ್ಣವಲ್ಲ. ಕಚ್ಚಾವಸ್ತು ಚೆನ್ನಾಗಿ ಒಣಗಿರಬೇಕು. ಮಳೆಗಾಲಕ್ಕೆ ಸೂರಿನಡಿ ದಾಸ್ತಾನು ಬೇಕು. ಬಣ್ಣ–ವಾಸನೆಗಳಿಲ್ಲದೆ ಸಣ್ಣ ಸಂದಿಯಲ್ಲೂ ಸೋರುವ, ಹಗಲಿನಲ್ಲಿ ಜ್ವಾಲೆಯೇ ಕಾಣದಂತೆ ಉರಿಯುವ ಈ ಅನಿಲಕ್ಕೆ ತರಬೇತಾದ ಕೈಗಳೂ ಸೋರಿಕೆ ಪತ್ತೆಹಚ್ಚುವ ಉಪಕರಣಗಳೂ ಅನಿವಾರ್ಯ. ಇವೆಲ್ಲಕ್ಕಿಂತ ಮುಖ್ಯವಾಗಿ, ದನಗಳ ಮೇವನ್ನೂ ಮಣ್ಣಿಗೆ ಮರಳಬೇಕಾದ ಕೂಳೆಯನ್ನೂ ಮುಟ್ಟದೆ, ಮೇವಾಗಲು ಒದಗದ ಕರಟ–ಕಟ್ಟಿಗೆಗಳಿಗೆ ಮಾತ್ರ ಘಟಕ ಕೈಹಾಕಬೇಕು.

2023ರ ಜನವರಿಯಲ್ಲಿ ಅನುಮೋದನೆ ಪಡೆದ ರಾಷ್ಟ್ರೀಯ ಹಸಿರು ಜಲಜನಕ ಮಿಷನ್ 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಉತ್ಪಾದನಾ ಸಾಮರ್ಥ್ಯದ ಗುರಿ ಇರಿಸಿಕೊಂಡಿದೆ; 2023ರಲ್ಲೇ ನಿಗದಿಯಾದ ಮಾನದಂಡವು ಜೀವರಾಶಿಯಿಂದ ಪಡೆದ ಜಲಜನಕವನ್ನೂ ಹಸಿರು ಎಂದು ಒಪ್ಪಿದೆ. ಈ ಅವಕಾಶವು ದೊಡ್ಡ ಬಂದರುಗಳ ಯೋಜನೆಗಳಲ್ಲೇ ಮುಗಿದುಹೋಗದಂತೆ, ಕರಟ–ಕಟ್ಟಿಗೆಗೆ ಮುಂಗಡವಾಗಿ ಬೆಲೆ ಗೊತ್ತುಮಾಡಿ ಖರೀದಿಸುವ ಹೊಣೆಯನ್ನು ರೈತ ಉತ್ಪಾದಕರ ಸಂಘಗಳು ಈಗಲೇ ವಹಿಸಿಕೊಳ್ಳಬೇಕು.