ಎತ್ತರದ ಟ್ರಕ್ಕು, ತಗ್ಗಿನ ಟ್ರೇಲರ್: ಡ್ರಾಪ್ ಲೆಕ್ಕ ಹಾಕೋದು ಹೇಗೆ?

ಅಮೆರಿಕದ ಪಿಕಪ್ ಟ್ರಕ್ ವೀಡಿಯೋ ನೋಡೋರು ನಮ್ಮ ಹಾಸ್ಟೆಲ್‌ಗಳಲ್ಲಿ ಕಮ್ಮಿ ಏನಿಲ್ಲ. ಫೋರ್ಡ್ ಎಫ್-150 ಅಥವಾ ಸಿಲ್ವೆರಾಡೋಗೆ ಲಿಫ್ಟ್ ಕಿಟ್ ಹಾಕಿ, ದೊಡ್ಡ ಟಯರ್ ಏರಿಸಿ ನಿಲ್ಲಿಸಿದ್ರೆ ನೋಡೋಕೆ ಚೆನ್ನಾಗೇ ಇರುತ್ತೆ. ಆದ್ರೆ ಅಲ್ಲಿ ಈ ಟ್ರಕ್ಕುಗಳು ಬರೀ ಶೋಕಿಗಲ್ಲ. ದೋಣಿ, ಕ್ಯಾಂಪರ್, ಕುದುರೆ ಟ್ರೇಲರ್ ಎಳೆಯೋದೂ ಇವೇ. ಟ್ರಕ್ ಎತ್ತರ ಆಯ್ತು, ಟ್ರೇಲರ್ ಮಾತ್ರ ಮೊದಲಿದ್ದ ಎತ್ತರದಲ್ಲೇ ಇದೆ. ಹಾಗೇ ಜೋಡಿಸಿದರೆ ಟ್ರೇಲರ್ ಮೂತಿ ಮೇಲೆ ಮಾಡಿಕೊಂಡು ಹೋಗುತ್ತೆ. ಇದನ್ನು ಸರಿ ಮಾಡೋದಕ್ಕೆ ಇರುವ ಭಾಗವೇ ಡ್ರಾಪ್ ಹಿಚ್. ಲೆಕ್ಕ ಒಂದು ಕಳೆಯುವ ಲೆಕ್ಕ ಅಷ್ಟೇ. ಆದ್ರೆ ಯಾವುದರಿಂದ ಯಾವುದನ್ನು, ಯಾವಾಗ ಕಳೀಬೇಕು ಅನ್ನೋದರಲ್ಲಿ ಎಂಜಿನಿಯರಿಂಗ್ ಇದೆ.

ಮೊದಲು ಭಾಗಗಳ ಪರಿಚಯ ಮಾಡ್ಕೊಳ್ಳೋಣ. ಟ್ರಕ್ಕಿನ ಹಿಂದೆ, ಚಾಸಿಗೆ ಬಿಗಿದ ಚೌಕಾಕಾರದ ಕೊಳವೆ ಇರುತ್ತೆ. ಅದು ರಿಸೀವರ್. ಸಾಮಾನ್ಯ ಪಿಕಪ್‌ನಲ್ಲಿ ಅದರ ಅಳತೆ 2 ಇಂಚು, ಭಾರದ ಕೆಲಸಕ್ಕೆ 2.5 ಅಥವಾ 3 ಇಂಚು. ಅದರೊಳಗೆ ತೂರಿಸಿ ಪಿನ್ ಹಾಕುವ ಉಕ್ಕಿನ ತುಂಡು ಬಾಲ್ ಮೌಂಟ್. ಅದರ ತುದಿಯಲ್ಲಿ ಗುಂಡು, ಅಂದ್ರೆ ಬಾಲ್. ಟ್ರೇಲರ್ ಮುಂದಿನ ಕಪ್ಲರ್ ಈ ಗುಂಡಿನ ಮೇಲೆ ಟೋಪಿ ಹಾಗೆ ಕೂರುತ್ತೆ. ಬಾಲ್ ಮೌಂಟ್ ಕೆಳಕ್ಕೆ ಎಷ್ಟು ಇಳಿದಿದೆಯೋ ಅದೇ ಡ್ರಾಪ್. ಮೇಲಕ್ಕೆ ಹೋಗಿದ್ದರೆ ರೈಸ್.

ಮಟ್ಟ ಯಾಕೆ ಬೇಕು?

ನಮ್ಮ ಎತ್ತಿನ ಗಾಡಿಯನ್ನು ನೆನಪಿಸಿಕೊಳ್ಳಿ. ಒಂದೇ ಅಚ್ಚು, ಎರಡು ಚಕ್ರ, ಮುಂದೆ ಮೂಕಿ. ಹೇರು ಹಿಂದೆ ಜಾಸ್ತಿಯಾದರೆ ಮೂಕಿ ಮೇಲೇಳುತ್ತೆ, ಮುಂದೆ ಜಾಸ್ತಿಯಾದರೆ ಎತ್ತಿನ ಹೆಗಲಿಗೆ ಭಾರ. ಟ್ರೇಲರ್ ಕಥೆಯೂ ಅದೇ. ಬಾಲ್ ಮೇಲೆ ಬೀಳುವ ಭಾರಕ್ಕೆ ಟಂಗ್ ವೇಟ್ ಅಂತಾರೆ. ಅದು ಟ್ರೇಲರ್‌ನ ಒಟ್ಟು ತೂಕದ 10ರಿಂದ 15 ಶೇಕಡ ಇರಬೇಕು ಅನ್ನೋದು ಅಮೆರಿಕದಲ್ಲಿ ಎಲ್ಲರೂ ಪಾಲಿಸುವ ನಿಯಮ. ಇದು ತುಂಬಾ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲ ಆಡಿಸೋಕೆ ಶುರು ಮಾಡುತ್ತೆ. ಆ ತೂಗಾಟ ಬೆಳೆದರೆ ಟ್ರಕ್ಕನ್ನೂ ರಸ್ತೆಯಿಂದ ಆಚೆ ಎಳ್ಕೊಂಡು ಹೋಗಬಹುದು.

ಹಾಗಾದ್ರೆ ಮೂತಿ ಮೇಲಾದರೆ ಟಂಗ್ ವೇಟ್ ಎಷ್ಟು ಇಳಿಯುತ್ತೆ? ಒಂದು ಫ್ರೀ ಬಾಡಿ ಡಯಾಗ್ರಾಂ ಬರೆದರೆ ಸಾಕು. 3000 ಕೆಜಿ ತೂಕದ ಒಂಟಿ ಅಚ್ಚಿನ ಟ್ರೇಲರ್ ಅಂದುಕೊಳ್ಳೋಣ. ಬಾಲ್‌ನಿಂದ ಅಚ್ಚಿಗೆ 5 ಮೀಟರ್. ಗುರುತ್ವ ಕೇಂದ್ರ ಅಚ್ಚಿಗಿಂತ 60 ಸೆಂ.ಮೀ ಮುಂದೆ, 80 ಸೆಂ.ಮೀ ಮೇಲೆ. ಮಟ್ಟವಾಗಿದ್ದಾಗ ಟಂಗ್ ವೇಟ್ 360 ಕೆಜಿ, ಅಂದ್ರೆ 12 ಶೇಕಡ. ಈಗ ಮೂತಿಯನ್ನು 15 ಸೆಂ.ಮೀ, ಅಂದ್ರೆ ಸುಮಾರು 6 ಇಂಚು ಎತ್ತಿ. ಗುರುತ್ವ ಕೇಂದ್ರ ಹಿಂದಕ್ಕೆ ಸರಿಯೋದು 2.4 ಸೆಂ.ಮೀ. ಟಂಗ್ ವೇಟ್ ಸುಮಾರು 346 ಕೆಜಿಗೆ ಇಳಿಯುತ್ತೆ.

ಇಷ್ಟೇನಾ ಅನ್ನಿಸುತ್ತೆ ಅಲ್ವಾ? ಹೌದು, ಒಂಟಿ ಅಚ್ಚಿನಲ್ಲಿ ಸರಿಯಾಗಿ ಹೇರಿದ್ದರೆ ಇಷ್ಟೇ. ಆದ್ರೆ ಮೊದಲೇ 10ರ ಅಂಚಿನಲ್ಲಿದ್ದರೆ, ಅಥವಾ ಹೇರು ತುಂಬಾ ಎತ್ತರವಾಗಿದ್ದರೆ, ಆ ಚೂರೇ ಮುಖ್ಯ ಆಗುತ್ತೆ. ಎರಡು ಅಚ್ಚಿನ ಟ್ರೇಲರ್‌ನಲ್ಲಿ ತೊಂದರೆ ಇನ್ನೂ ಜಾಸ್ತಿ. ಅಚ್ಚುಗಳ ನಡುವೆ 85 ಸೆಂ.ಮೀ ಇದ್ದರೆ, ಅದೇ ಓರೆಗೆ ಹಿಂದಿನ ಅಚ್ಚಿನ ಮೇಲೆ ಚೌಕಟ್ಟು ಸುಮಾರು 2.5 ಸೆಂ.ಮೀ ಹೆಚ್ಚು ಕೆಳಗಿರುತ್ತೆ. ಲೀಫ್ ಸ್ಪ್ರಿಂಗ್ ಜೊತೆ ಈಕ್ವಲೈಸರ್ ಇದ್ದರೆ ಅದು ಭಾರವನ್ನು ಸ್ವಲ್ಪಮಟ್ಟಿಗೆ ಹಂಚುತ್ತೆ. ಪ್ರತಿ ಅಚ್ಚೂ ಸ್ವತಂತ್ರವಾಗಿರುವ ಟಾರ್ಶನ್ ಆಕ್ಸಲ್‌ನಲ್ಲಿ ಹಂಚೋರು ಯಾರೂ ಇಲ್ಲ. ಹಿಂದಿನ ಟಯರ್‌ಗಳಿಗೆ ಭಾರ ಮತ್ತು ಬಿಸಿ ಜಾಸ್ತಿ, ಮುಂದಿನ ಚಕ್ರಗಳು ಬ್ರೇಕ್ ಹಾಕಿದಾಗ ಬೇಗ ಲಾಕ್ ಆಗ್ತವೆ.

ಅಳೆಯೋದು ಹೇಗೆ?

ಟ್ರಕ್ಕನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ನೆಲದಿಂದ ರಿಸೀವರ್ ಕೊಳವೆಯ ಒಳಗಿನ ಮೇಲ್ತುದಿವರೆಗೆ ಅಳೀಬೇಕು. ಆಮೇಲೆ ಟ್ರೇಲರ್ ಚೌಕಟ್ಟಿನ ಮೇಲೆ ರಸಮಟ್ಟ ಇಟ್ಟು, ಜ್ಯಾಕ್ ತಿರುಗಿಸಿ ಮಟ್ಟ ಮಾಡಿ, ನೆಲದಿಂದ ಕಪ್ಲರ್‌ನ ಕೆಳತುದಿವರೆಗೆ ಅಳೀಬೇಕು. ಮೊದಲ ಅಳತೆಯಿಂದ ಎರಡನೆಯದನ್ನು ಕಳೆದರೆ ಬರೋದೇ ಡ್ರಾಪ್.

ಉದಾಹರಣೆಗೆ, ಲಿಫ್ಟ್‌ಗೆ ಮೊದಲು ರಿಸೀವರ್ ಎತ್ತರ 20 ಇಂಚು. 4 ಇಂಚಿನ ಲಿಫ್ಟ್ ಕಿಟ್ ಹಾಕಿದರು. ಟಯರ್ 33ರಿಂದ 35 ಇಂಚಿಗೆ ಏರಿತು. ಟಯರ್‌ನ ವ್ಯಾಸ 2 ಇಂಚು ಹೆಚ್ಚಿದರೂ ಅಚ್ಚು ಏರೋದು ತ್ರಿಜ್ಯದಷ್ಟು, ಅಂದ್ರೆ 1 ಇಂಚು. ಈಗ ರಿಸೀವರ್ 25 ಇಂಚಿನಲ್ಲಿದೆ. ಕಪ್ಲರ್ 17 ಇಂಚು. ಡ್ರಾಪ್ 8 ಇಂಚು.

ಹಾಗಂತ ಕಿಟ್ ಡಬ್ಬದ ಮೇಲಿನ ನಂಬರನ್ನು ಕೂಡಿ ಹಿಚ್ ಆರ್ಡರ್ ಮಾಡೋದು ಸರಿಯಲ್ಲ. ಕಾರಣ ಎರಡು. ಒಂದು, ಲೆವೆಲಿಂಗ್ ಕಿಟ್ ಅಂತ ಮಾರುವಂಥವು ಸಾಮಾನ್ಯವಾಗಿ ಟ್ರಕ್ಕಿನ ಮುಂಭಾಗವನ್ನಷ್ಟೇ ಎತ್ತುತ್ತವೆ. ಹಿಂದಿನ ರಿಸೀವರ್ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತೆ. ಎರಡು, 300-400 ಕೆಜಿ ಬಾಲ್ ಮೇಲೆ ಕೂತಾಗ ಟ್ರಕ್ಕಿನ ಹಿಂಭಾಗ ಕುಸಿಯುತ್ತೆ. ನಮ್ಮ ಉದಾಹರಣೆಯಲ್ಲಿ ಅದು 2 ಇಂಚು ಕುಸಿದರೆ ನಿಜವಾಗಿ ಬೇಕಾದ ಡ್ರಾಪ್ 6 ಇಂಚು. ಅದಕ್ಕೇ ಕೊನೆಯ ಪರೀಕ್ಷೆ ಯಾವಾಗಲೂ ಹೇರಿದ ಟ್ರೇಲರ್ ಜೋಡಿಸಿದ ಮೇಲೇ ಆಗಬೇಕು. ಲಿಫ್ಟ್ ಆದ ಟ್ರಕ್ಕಿನವರು ಎತ್ತರ ಬದಲಾಯಿಸಬಹುದಾದ ಬಾಲ್ ಮೌಂಟ್ ಇಷ್ಟಪಡೋದು ಇದಕ್ಕೇ. ಪೂರ್ತಿ ಮಟ್ಟ ಸಿಗದಿದ್ದರೆ ಮೂತಿ ಒಂಚೂರು ಕೆಳಗಿರಲಿ, ಮೇಲೆ ಬೇಡ.

ಉದ್ದ ಡ್ರಾಪ್‌ಗೆ ಕೊಡುವ ಬೆಲೆ

ಡ್ರಾಪ್ ಹೆಚ್ಚಾದಷ್ಟೂ ಬಾಲ್ ಮೌಂಟ್ ಒಂದು ಉದ್ದನೆಯ ಲಿವರ್ ಆಗುತ್ತೆ. ಬ್ರೇಕ್ ಹಾಕಿದಾಗ ಟ್ರೇಲರ್ 5000 ನ್ಯೂಟನ್ ಬಲದಿಂದ ಟ್ರಕ್ಕನ್ನು ಮುಂದಕ್ಕೆ ತಳ್ಳಿತು ಅಂದುಕೊಳ್ಳೋಣ. 2 ಇಂಚಿನ ಡ್ರಾಪ್‌ನಲ್ಲಿ ರಿಸೀವರ್ ಮೇಲೆ ಬೀಳುವ ಮೊಮೆಂಟ್ ಸುಮಾರು 250 ನ್ಯೂಟನ್ ಮೀಟರ್. 8 ಇಂಚಿನಲ್ಲಿ ಅದೇ ಬಲಕ್ಕೆ ಸುಮಾರು 1000. ಬಲ ಅಷ್ಟೇ, ಮೊಮೆಂಟ್ 4 ಪಟ್ಟು. ಟ್ರೇಲರ್ ಅಕ್ಕಪಕ್ಕ ತೂಗಿದಾಗ ಇದೇ ಲಿವರ್ ರಿಸೀವರನ್ನು ತಿರುಚುತ್ತೆ. ಹಾಗಾಗಿ ಉದ್ದ ಡ್ರಾಪ್‌ನ ಬಾಲ್ ಮೌಂಟ್‌ಗಳಿಗೆ ಎಷ್ಟೋ ಸಲ ಕಡಿಮೆ ರೇಟಿಂಗ್ ಇರುತ್ತೆ. ಅದನ್ನು ಉಕ್ಕಿನ ಮೇಲೇ ಅಚ್ಚೊತ್ತಿರ್ತಾರೆ, ಓದಬೇಕು.

ರಿಸೀವರ್, ಬಾಲ್ ಮೌಂಟ್, ಬಾಲ್, ಕಪ್ಲರ್ ಎಲ್ಲಕ್ಕೂ ಬೇರೆ ಬೇರೆ ರೇಟಿಂಗ್ ಇರುತ್ತೆ. ಇವುಗಳಲ್ಲಿ ಯಾವುದು ಅತಿ ಕಡಿಮೆಯೋ ಅದೇ ಇಡೀ ಜೋಡಣೆಯ ಮಿತಿ. ಬಾಲ್ ಅಳತೆಯೂ ಕಪ್ಲರ್‌ಗೆ ಸರಿಯಾಗಿ ಹೊಂದಬೇಕು. 2 5/16 ಇಂಚಿನ ಕಪ್ಲರನ್ನು 2 ಇಂಚಿನ ಬಾಲ್ ಮೇಲೆ ಕೂರಿಸಿದರೆ ಲಾಕ್ ಆದ ಹಾಗೇ ಕಾಣುತ್ತೆ, ಗುಂಡಿ ಬಂದಾಗ ಹಾರಿ ಬಿಡಬಹುದು. ಕಪ್ಲರ್ ಕೆಳಗೆ ಅಡ್ಡಡ್ಡ ಹಾಕುವ ಸೇಫ್ಟಿ ಚೈನ್‌ಗಳು ಉದ್ದ ಡ್ರಾಪ್‌ಗೆ ಸಾಲುತ್ತವಾ, ತಿರುವಿನಲ್ಲಿ ಬಿಗಿಯುತ್ತವಾ ಅಂತಲೂ ನೋಡಬೇಕು.

ಡ್ರಾಪ್ ಸರಿಪಡಿಸದೇ ಇರೋದು

ಇಲ್ಲೇ ಬಹಳ ಜನ ಯಾಮಾರೋದು. ಡ್ರಾಪ್ ಹಿಚ್ ಟ್ರೇಲರ್‌ನ ಮಟ್ಟ ಸರಿ ಮಾಡುತ್ತೆ, ಟ್ರಕ್ಕನ್ನಲ್ಲ. ಟ್ರಕ್ಕಿನ ಗುರುತ್ವ ಕೇಂದ್ರ ಮೇಲೆ ಹೋಗಿದೆ, ಅದು ಹಾಗೇ ಇರುತ್ತೆ. 33ರ ಬದಲು 35 ಇಂಚಿನ ಟಯರ್ ಅಂದ್ರೆ ಗೇರಿಂಗ್ ಸುಮಾರು 6 ಶೇಕಡ ಉದ್ದ ಆದಂತೆ. ಎಳೆಯೋಕೂ ಕಷ್ಟ, ನಿಲ್ಲಿಸೋಕೂ ಕಷ್ಟ. ಕಂಪನಿ ಕೊಟ್ಟ ಎಳೆಯುವ ಮಿತಿ ಫ್ಯಾಕ್ಟರಿಯಿಂದ ಬಂದ ಸಸ್ಪೆನ್ಷನ್‌ಗೆ ಕೊಟ್ಟದ್ದು. ಟ್ರೇಲರ್ ನೇರವಾಗಿ ಕಾಣ್ತಿದೆ ಅಂದ ಮಾತ್ರಕ್ಕೆ ಹಳೇ ಮಿತಿವರೆಗೆ ಹೇರೋದು ಅಪಾಯ. ಆ ಅಪಾಯ ಪಕ್ಕದ ಲೇನ್‌ನಲ್ಲಿ ಹೋಗೋರಿಗೂ ಸೇರಿದ್ದು.

ನಮ್ಮಲ್ಲಿ ಈ ಥರ ಲಿಫ್ಟ್ ಮಾಡೋಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತೆ. ಆದ್ರೆ ಹಿಚ್ ಎತ್ತರದ ಪಾಠ ಮಂಡ್ಯದ ಕಬ್ಬಿನ ಟ್ರ್ಯಾಕ್ಟರಿಗೂ ಬೇಕು. ಎಳೆಯುವ ಬಿಂದು ಹಿಂದಿನ ಅಚ್ಚಿಗಿಂತ ಮೇಲೆ ಹೋದರೆ ಭಾರ ಎಳೆಯುವಾಗ ಮುಂದಿನ ಚಕ್ರ ನೆಲ ಬಿಟ್ಟು ಏಳುತ್ತೆ. ಟ್ರ್ಯಾಕ್ಟರ್‌ನ ಡ್ರಾಬಾರ್ ಅಷ್ಟು ಕೆಳಗಿರೋದು ಅದಕ್ಕೇ. ಮುಂದಿನ ಸಲ ಕಬ್ಬಿನ ಲೋಡ್ ಹಿಂದೆ ಸಿಕ್ಕಿಹಾಕಿಕೊಂಡಾಗ ಹಾರ್ನ್ ಹೊಡೆಯೋ ಮುಂಚೆ ಒಮ್ಮೆ ಆ ಜೋಡಣೆಯ ಎತ್ತರ ನೋಡಿ. ಫಸ್ಟ್ ಇಯರ್ ಮೆಕ್ಯಾನಿಕ್ಸ್‌ನ ಮೊಮೆಂಟ್ ಅಲ್ಲೇ, ಒಂದು ಪಿನ್ನಿನ ಮೇಲೆ ನೇತಾಡ್ತಿರುತ್ತೆ.