ಕಾರ್ಡ್ ಇದೆ, ಹೆಸರಿಲ್ಲ

ಪ್ರತಿ ಚುನಾವಣೆಯಲ್ಲೂ ಮತಗಟ್ಟೆಯ ಹೊರಗೆ ಕೇಳಿಬರುವ ತಕರಾರೊಂದಿದೆ. ಹಾವೇರಿ ತಾಲೂಕಿನ ಅಗಡಿಯ ಕಡೆಯ ಮಾತಿನಲ್ಲಿ ಹೇಳುವುದಾದರೆ, ‘ಕಾರ್ಡ್ ಐತ್ರಿ, ಲಿಸ್ಟಿನ್ಯಾಗ ಹೆಸರ ಇಲ್ಲ.’ ಕಾರ್ಡ್ ಕೊಟ್ಟಿದ್ದು ಚುನಾವಣಾ ಆಯೋಗವೇ, ಅದರ ಮೇಲಿನ ಫೋಟೊ ತಮ್ಮದೇ, ಹಾಗಿದ್ದೂ ಓಟಿಲ್ಲ ಎಂದರೆ ಸಿಟ್ಟು ಬರುವುದು ಸಹಜ. ಆದರೆ ಕಾನೂನಿನ ಉತ್ತರ ಚಿಕ್ಕದು. 1951ರ ಜನಪ್ರಾತಿನಿಧ್ಯ ಕಾಯ್ದೆಯ 62ನೇ ಕಲಮಿನ ಪ್ರಕಾರ ಓಟಿನ ಹಕ್ಕು ಹುಟ್ಟುವುದು ಮತದಾರರ ಪಟ್ಟಿಯಿಂದ. ಪಟ್ಟಿಯಲ್ಲಿರುವ ಹೆಸರಿನವರು ನೀವೇ ಎಂದು ತೋರಿಸುವುದಷ್ಟೇ ಕಾರ್ಡಿನ ಕೆಲಸ. ಕಾರ್ಡ್ ಕಳೆದುಹೋಗಿದ್ದರೂ ಹೆಸರಿದ್ದವರು ಆಧಾರ್, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್, ಫೋಟೊ ಅಂಟಿಸಿದ ಬ್ಯಾಂಕ್ ಪಾಸ್‌ಬುಕ್, ಡ್ರೈವಿಂಗ್ ಲೈಸೆನ್ಸ್ ಮುಂತಾದ ಬೇರೊಂದು ದಾಖಲೆ ತೋರಿಸಿ ಓಟು ಹಾಕಬಹುದು. ಫೋಟೊ ಗುರುತಿನ ಚೀಟಿ ಕಡ್ಡಾಯವಾಗಬೇಕೇ ಎಂಬ ವಾದದಲ್ಲಿ ಎರಡೂ ಕಡೆಯವರು ಈ ವ್ಯತ್ಯಾಸವನ್ನು ಮರೆತು ಮಾತನಾಡುತ್ತಾರೆ.

ಫೋಟೊ ಬರುವ ಮೊದಲು ಗುರುತು ಹಿಡಿಯುತ್ತಿದ್ದವರು ಮನುಷ್ಯರು. ಮತಗಟ್ಟೆಯಲ್ಲಿ ಕೂತ ಪಕ್ಷಗಳ ಏಜೆಂಟರು ಊರಿನವರೇ ಆಗಿರುತ್ತಿದ್ದರು. ಬಂದವರ ಮೇಲೆ ಅನುಮಾನ ಬಂದರೆ ಎರಡು ರೂಪಾಯಿ ಠೇವಣಿ ಇಟ್ಟು ಆಕ್ಷೇಪಿಸುವ ನಿಯಮ ಈಗಲೂ ಇದೆ. ಒಬ್ಬರೇ ಎರಡು ಸಲ ಓಟು ಹಾಕದಂತೆ 1962ರ ಮಹಾಚುನಾವಣೆಯಿಂದ ಬೆರಳಿಗೆ ಬೀಳತೊಡಗಿದ ಶಾಯಿ ನಮ್ಮ ಮೈಸೂರಿನ ಕಾರ್ಖಾನೆಯದು. ನಿಮ್ಮ ಹೆಸರಿನಲ್ಲಿ ಇನ್ಯಾರೋ ಮೊದಲೇ ಓಟು ಹಾಕಿ ಹೋಗಿದ್ದರೆ ನಿಮಗೆ ಟೆಂಡರ್ ವೋಟ್ ಸಿಗುತ್ತದೆ. ಆದರೆ ಆ ಕಾಗದ ಲಕೋಟೆಯಲ್ಲೇ ಉಳಿಯುತ್ತದೆ, ಸಾಮಾನ್ಯ ಎಣಿಕೆಗೆ ಬರುವುದಿಲ್ಲ. 1993ರಲ್ಲಿ ಮುಖ್ಯ ಚುನಾವಣಾ ಆಯುಕ್ತ ಟಿ.ಎನ್. ಶೇಷನ್ ಫೋಟೊ ಗುರುತಿನ ಚೀಟಿಗೆ ಆದೇಶ ಹೊರಡಿಸಿ, ಚೀಟಿ ಕೊಡದಿದ್ದರೆ 1995ರಿಂದ ಚುನಾವಣೆಯನ್ನೇ ನಡೆಸುವುದಿಲ್ಲ ಎಂದು ರಾಜ್ಯಗಳಿಗೆ ಗದರಿಸಿದ್ದರ ಹಿನ್ನೆಲೆ ಇದೇ. 2000ದಲ್ಲಿ ಹರಿಯಾಣದ ವಿಧಾನಸಭಾ ಚುನಾವಣೆಯಲ್ಲಿ ಗುರುತು ತೋರಿಸುವುದನ್ನು ಆಯೋಗ ಮೊದಲ ಬಾರಿಗೆ ಕಡ್ಡಾಯಗೊಳಿಸಿತು.

ಆ ಚೀಟಿಯಿಂದ ಹಳ್ಳಿಗೆ ಆದ ಲಾಭವನ್ನು ಕಳ್ಳ ಓಟಿನ ಲೆಕ್ಕದಲ್ಲಿ ಮಾತ್ರ ಹುಡುಕಬಾರದು. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಅಪರಿಚಿತನೊಬ್ಬ ಬಂದು ಓಟು ಕದಿಯುವುದು ಮೊದಲೂ ಸುಲಭವಿರಲಿಲ್ಲ. ಆದರೆ ‘ಇವ ನಮ್ಮೂರವ’ ಎಂದು ಹೇಳುವ ಅಧಿಕಾರ ಏಜೆಂಟನ ಬಾಯಲ್ಲಿತ್ತು. ಆ ಏಜೆಂಟ ಯಾರ ಮನೆಯವನು, ಯಾವ ಓಣಿಯವನು ಎಂಬುದು ಕೇರಿಯ ಕೂಲಿಕಾರರಿಗೆ ಸಣ್ಣ ಸಂಗತಿಯಾಗಿರಲಿಲ್ಲ. ಫೋಟೊ ಇರುವ ಚೀಟಿ ಹಿಡಿದು ನಿಂತವರು ಯಾರ ಸಾಕ್ಷಿಗೂ ಕಾಯಬೇಕಿಲ್ಲ. ಚೀಟಿ ಕೇಳುವುದೇ ಬಡವರಿಗೆ ಅನ್ಯಾಯ ಎಂಬ ವಾದವನ್ನು ನಮ್ಮ ನೆಲಕ್ಕೆ ಹಾಗೆಯೇ ಒಪ್ಪಿಕೊಳ್ಳಲಾಗದು ಎಂದು ನನಗನ್ನಿಸುವುದು ಇದಕ್ಕೇ.

ಆ ವಾದಕ್ಕೆ ಬಲವಿರುವುದು ಬೇರೆ ದೇಶಗಳಲ್ಲಿ. ಬ್ರಿಟನ್ನಿನಲ್ಲಿ ಎಲ್ಲರ ಬಳಿ ಇರುವಂಥ ರಾಷ್ಟ್ರೀಯ ಗುರುತಿನ ಚೀಟಿಯೇ ಇಲ್ಲ. 2022ರ ಕಾಯ್ದೆಯ ನಂತರ 2023ರ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಸಲ ಫೋಟೊ ಚೀಟಿ ಕೇಳಿದಾಗ, ಮತಗಟ್ಟೆಯಿಂದ ವಾಪಸಾಗಿ ಮತ್ತೆ ಬಾರದವರು ಸುಮಾರು 14,000 ಮಂದಿ ಎಂದು ಅಲ್ಲಿನ ಚುನಾವಣಾ ಆಯೋಗವೇ ಲೆಕ್ಕ ಕೊಟ್ಟಿತು. ಭಾರತ ಇಂಥ ಇಕ್ಕಟ್ಟಿನಿಂದ ಪಾರಾದದ್ದು ಸರ್ಕಾರವೇ ಚೀಟಿ ಮಾಡಿಸಿ ಕೊಟ್ಟಿದ್ದರಿಂದ ಮತ್ತು ಅದಿಲ್ಲದವರಿಗೆ ಬೇರೆ ದಾರಿಗಳನ್ನು ಅಗಲವಾಗಿ ಇಟ್ಟಿದ್ದರಿಂದ. ಕಾರ್ಡಿನಲ್ಲಿ ಹೆಸರಿನ ಕಾಗುಣಿತ ತಪ್ಪಿದ್ದರೆ ಅದನ್ನು ದೊಡ್ಡದು ಮಾಡಬಾರದು ಎಂಬ ಸೂಚನೆಯೂ ಮತಗಟ್ಟೆ ಅಧಿಕಾರಿಗಳಿಗಿದೆ. ಅಡ್ಡಹೆಸರು ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಬರುವ ನಮ್ಮ ಉತ್ತರ ಕರ್ನಾಟಕಕ್ಕೆ ಇದು ಬಹಳ ಬೇಕಾದ ಸೂಚನೆ. ಆದರೆ ಆ ಅಗಲ ತಾನಾಗಿ ಉಳಿಯುವುದಿಲ್ಲ. ಆಯೋಗವೇ ಮನೆಮನೆಗೆ ಹಂಚುತ್ತಿದ್ದ ಫೋಟೊ ಇರುವ ಮತದಾರರ ಚೀಟಿ ಒಂದು ಕಾಲಕ್ಕೆ ಗುರುತಿಗೆ ನಡೆಯುತ್ತಿತ್ತು. 2019ರ ಲೋಕಸಭಾ ಚುನಾವಣೆಯಿಂದ ಅದೊಂದನ್ನೇ ತಂದರೆ ಸಾಲದು ಎಂದಾಯಿತು.

ಇನ್ನು ಮೋಸ ನಡೆದದ್ದು ಎಲ್ಲಿ ಎಂದು ಕರ್ನಾಟಕದ ಈಚಿನ ಪ್ರಕರಣಗಳನ್ನೇ ನೋಡಿ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಜಾಲಹಳ್ಳಿಯ ಫ್ಲ್ಯಾಟ್ ಒಂದರಲ್ಲಿ ಸಿಕ್ಕ 9,746 ಮತದಾರರ ಗುರುತಿನ ಚೀಟಿಗಳು ಮೇಲ್ನೋಟಕ್ಕೆ ಅಸಲಿಯೇ ಎಂದು ಆಯೋಗ ಹೇಳಿತು. ಆ ಫ್ಲ್ಯಾಟ್ ಇದ್ದ ರಾಜರಾಜೇಶ್ವರಿನಗರ ಕ್ಷೇತ್ರದ ಮತದಾನ ಮೇ 28ಕ್ಕೆ ಮುಂದೆ ಹೋಯಿತು. ಚೀಟಿ ಅಸಲಿಯಾಗಿರುವುದು ಒಂದು, ಅದು ಒಡೆಯರ ಕೈಯಲ್ಲಿರುವುದು ಇನ್ನೊಂದು. 2022ರ ನವೆಂಬರ್‌ನಲ್ಲಿ ಹೊರಬಿದ್ದ ಚಿಲುಮೆ ಎಂಬ ಸಂಸ್ಥೆಯ ಪ್ರಕರಣದಲ್ಲಿ, ಮತದಾರರ ಜಾಗೃತಿಯ ಹೆಸರಿನಲ್ಲಿ ಮನೆಮನೆಗೆ ಹೋಗಿ ಮಾಹಿತಿ ಕಲೆಹಾಕಿದವರು ಮತಗಟ್ಟೆ ಮಟ್ಟದ ಅಧಿಕಾರಿಗಳಂತೆ ಚೀಟಿ ಧರಿಸಿದ್ದರು ಎಂಬುದು ಆರೋಪ. ಗುರುತು ಕೇಳಲು ಬಂದವರ ಗುರುತೇ ಸುಳ್ಳು! ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಪಟ್ಟಿಯಲ್ಲಿ ಸೇರಿಸಿದ, ತೆಗೆದ ಹೆಸರುಗಳನ್ನು ಮರುಪರಿಶೀಲಿಸಲು ಆಯೋಗ ಆದೇಶಿಸಿತು. ಕಲಬುರಗಿ ಜಿಲ್ಲೆಯ ಆಳಂದದ್ದು ಇನ್ನೂ ಸ್ಪಷ್ಟ. 2023ರ ಚುನಾವಣೆಗೆ ಮೊದಲು ಅಲ್ಲಿ ಹೆಸರು ತೆಗೆಸಲು ನಮೂನೆ 7ರಲ್ಲಿ ಆನ್‌ಲೈನ್ ಅರ್ಜಿಗಳು ಬಂದವು, ಒಟ್ಟು 6,018. ಸ್ಥಳಕ್ಕೆ ಹೋಗಿ ವಿಚಾರಿಸಿದಾಗ ಸರಿಯಿದ್ದವು 24 ಮಾತ್ರ. ಅದೇ ಕ್ಷೇತ್ರದಲ್ಲಿ 2018ರ ಗೆಲುವಿನ ಅಂತರ 697 ಮತ ಎಂಬುದನ್ನು ಪಕ್ಕದಲ್ಲಿಟ್ಟು ಓದಿದರೆ ಆ ಅರ್ಜಿಗಳ ತೂಕ ತಿಳಿಯುತ್ತದೆ.

ಈ ಮೂರರಲ್ಲಿ ಒಂದನ್ನೂ ಮತಗಟ್ಟೆಯ ಬಾಗಿಲಲ್ಲಿ ಫೋಟೊ ನೋಡಿ ತಡೆಯಲಾಗುತ್ತಿರಲಿಲ್ಲ. ಆಳಂದದಂಥ ಸುಳ್ಳು ಅರ್ಜಿ ಗೆದ್ದಿದ್ದರೆ, ಕಾರ್ಡ್ ಹಿಡಿದು ಬಂದ ನಿಜವಾದ ಮತದಾರರೇ ಹೊರಗೆ ನಿಲ್ಲಬೇಕಿತ್ತು. ಮುಂಬಾಗಿಲಿಗೆ ಬೀಗದ ಮೇಲೆ ಬೀಗ ಜಡಿದು ಹಿತ್ತಲ ಬಾಗಿಲು ತೆರೆದಿಟ್ಟ ಮನೆ ಇದು.

ಹಾಗಾದರೆ ಆಧಾರ್ ಜೋಡಿಸಿಬಿಟ್ಟರೆ ಪಟ್ಟಿಯೂ ಶುದ್ಧವಾಗುತ್ತದಲ್ಲ ಎಂದು ಕೇಳುವವರಿದ್ದಾರೆ. 2021ರ ತಿದ್ದುಪಡಿ ಅದಕ್ಕೆ ದಾರಿ ಮಾಡಿದೆ. ಒಬ್ಬರ ಹೆಸರು ಎರಡು ಕಡೆ ಇದ್ದರೆ ಪತ್ತೆಗೆ ಅದು ನೆರವಾಗಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆಧಾರ್ ಪೌರತ್ವದ ಪುರಾವೆಯಲ್ಲ, ಮನೆ ಬದಲಿಸಿದ್ದನ್ನೂ ತಾನಾಗಿ ಹೇಳುವುದಿಲ್ಲ. ಯಂತ್ರ ‘ಹೊಂದಿಕೆಯಾಗಲಿಲ್ಲ’ ಎಂದಾಕ್ಷಣ ಹೆಸರು ಹೊಡೆದುಹಾಕಿದರೆ ಏಟು ತಿನ್ನುವವರು ಯಾರು? ಮದುವೆಯಾಗಿ ರಾಣೆಬೆನ್ನೂರು ತಾಲೂಕಿನ ತವರಿನಿಂದ ಅಗಡಿಗೆ ಬಂದ ಹೆಣ್ಣುಮಕ್ಕಳ ಹೆಸರು ತವರಿನ ಪಟ್ಟಿಯಿಂದ ಹೋಗಿ ಗಂಡನ ಮನೆಯ ಪಟ್ಟಿಗೆ ಸೇರದೆ ಉಳಿಯಬಹುದು. ದುಡಿಯಲು ಗೋವಾಕ್ಕೋ ಬೆಂಗಳೂರಿಗೋ ಹೋದವರನ್ನು ಮನೆಗೆ ಬಂದ ಅಧಿಕಾರಿ ‘ಊರಲ್ಲಿಲ್ಲ’ ಎಂದು ಬರೆದುಕೊಳ್ಳಬಹುದು. ಬಿಹಾರದಲ್ಲಿ 2025ರ ವಿಶೇಷ ಪರಿಷ್ಕರಣೆಯ ಕರಡಿನಿಂದ 65 ಲಕ್ಷ ಹೆಸರು ಹೊರಗುಳಿದಾಗ, ಯಾರು, ಯಾಕೆ ಎಂದು ಪ್ರಕಟಿಸಿ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಸತ್ತವರ ಹೆಸರು ಪಟ್ಟಿಯಲ್ಲಿ ಉಳಿಯುವುದು ತಪ್ಪೇ. ಆದರೆ ಅಂಥ ಹೆಸರಿನಲ್ಲಿ ಓಟು ಹಾಕಲು ಬಂದವನನ್ನು ಹಿಡಿಯಲು ಮತಗಟ್ಟೆಯಲ್ಲಿ ಫೋಟೊ ಇದೆ, ಏಜೆಂಟರಿದ್ದಾರೆ. ಬದುಕಿರುವವರ ಹೆಸರು ಹೋದರೆ ಮತದಾನದ ದಿನ ಅದಕ್ಕೆ ಮದ್ದಿಲ್ಲ. ಎರಡು ತಪ್ಪುಗಳ ತೂಕ ಒಂದೇ ಅಲ್ಲ.

ಆದ್ದರಿಂದ ಚೀಟಿಯ ಬಗ್ಗೆ ಈಗಿರುವಷ್ಟು ಸಡಿಲು ಇರಲಿ, ಬಿಗಿ ಹೆಸರು ತೆಗೆಯುವ ಕಡೆಗೆ ಹೋಗಲಿ. ನಮೂನೆ 7 ಸಲ್ಲಿಸಿದವರು ಯಾರು ಎಂಬುದು ಗಟ್ಟಿಯಾಗಿ ಗೊತ್ತಾಗಬೇಕು, ಹೆಸರು ಹೋಗಲಿರುವವರ ಕೈಗೆ ನೋಟಿಸು ತಲುಪಿದ್ದು ಖಾತ್ರಿಯಾಗಬೇಕು, ತೆಗೆದ ಹೆಸರುಗಳ ಪಟ್ಟಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕಾರಣದ ಸಮೇತ ಬರಬೇಕು. ಹಾವೇರಿ ಜಿಲ್ಲೆಯದೇ ಹಿರೇಕೆರೂರಿನಲ್ಲಿ 2018ರ ಫಲಿತಾಂಶ ತೀರ್ಮಾನವಾದದ್ದು 555 ಮತಗಳಿಂದ. ಅಷ್ಟು ಹೆಸರು ಅತ್ತಿತ್ತ ಆಗಲು ಕೆಲವೇ ಊರುಗಳ ಪಟ್ಟಿ ಸಾಕು. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ, ಹೆಸರು ಸೇರಿಸಲು ನಮೂನೆ 6, ಊರು ಬದಲಿಸಿದವರಿಗೆ ನಮೂನೆ 8 ವರ್ಷವಿಡೀ ಸಿಗುತ್ತವೆ. ಆದರೆ ಉಮೇದುವಾರಿಕೆ ಸಲ್ಲಿಸುವ ಕೊನೆಯ ದಿನ ದಾಟಿತೆಂದರೆ ಆ ಚುನಾವಣೆಯ ಪಟ್ಟಿಗೆ ಹೊಸದಾಗಿ ಯಾರ ಹೆಸರನ್ನೂ ಸೇರಿಸುವಂತಿಲ್ಲ, ಅವರ ಕೈಯಲ್ಲಿ ಎಷ್ಟು ಕಾರ್ಡುಗಳಿದ್ದರೂ ಸರಿ.