ಬೆಳಗಿನವರೆಗೂ ಕರಗದ ಬಣ್ಣ

ಹೋದ ವರ್ಷದ ಮಾತು. ಮೂರನೇ ಕ್ಲಾಸಿನಲ್ಲಿದ್ದ ನನ್ನ ಮೊಮ್ಮಗಳು ಶಾಲೆಯ ವಾರ್ಷಿಕೋತ್ಸವಕ್ಕೆ ಹುಲಿಯ ವೇಷ ಹಾಕಿದ್ದಳು. ಮಧ್ಯಾಹ್ನ ಮೂರಕ್ಕೇ ಮುಖಕ್ಕೆ ಬಣ್ಣ ಬಳಿದು ಕೂರಿಸಿದ್ದರು. ಅವಳ ಸರದಿ ಬಂದಾಗ ರಾತ್ರಿ ಎಂಟು. ಅಷ್ಟರಲ್ಲಿ ಹಣೆಯ ಪಟ್ಟೆಗಳು ಬೆವರಿಗೆ ಇಳಿದು, ಹುಲಿ ಹೋಗಿ ಮಳೆಯಲ್ಲಿ ನೆನೆದ ಬೆಕ್ಕಾಗಿತ್ತು. ದಾರಿಯುದ್ದಕ್ಕೂ ಅತ್ತುಕೊಂಡೇ ಸರ್ಜಾಪುರದ ಮನೆಗೆ ಬಂದಳು.

"ತಾತ, ರಾತ್ರಿಯೆಲ್ಲಾ ಬಣ್ಣ ಹೋಗದ ಹಾಗೆ ಮಾಡೋಕೆ ಆಗಲ್ವಾ?"

"ಆಗುತ್ತೆ ಪುಟ್ಟಿ. ನಾನೂ ನಿನ್ನ ಹಾಗೇ ಒಂದು ಸಲ ಕೆಟ್ಟು ಬುದ್ಧಿ ಕಲಿತೆ" ಎಂದೆ.

ನಮ್ಮ ಆನೇಕಲ್ ಸೀಮೆಯ ಹಳ್ಳಿಗಳಲ್ಲಿ ಊರಿನವರೇ ಸೇರಿ, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, 'ಕುರುಕ್ಷೇತ್ರ' ನಾಟಕವನ್ನು ರಾತ್ರಿಯಿಡೀ ಆಡುವ ವಾಡಿಕೆಯಿದೆ. ಇಪ್ಪತ್ತರ ವಯಸ್ಸಿನಲ್ಲಿ ನಾನು ಅಭಿಮನ್ಯು. ಸಂಜೆಯೇ ಬಣ್ಣ ಹಚ್ಚಿಸಿಕೊಂಡೆ. ನಡುರಾತ್ರಿ ರಂಗಕ್ಕೆ ಬರುವಾಗ ಅದು ಬೆವರಿನ ಜೊತೆ ಕಣ್ಣಿಗಿಳಿದು, ಚಕ್ರವ್ಯೂಹವಿರಲಿ, ಎದುರಿಗಿದ್ದ ದ್ರೋಣನೂ ಕಾಣಲಿಲ್ಲ! ಬೆಳಗಿನ ಜಾವ ಸುಸ್ತಾಗಿ ಮುಖ ತೊಳೆಯದೆ ಮಲಗಿಬಿಟ್ಟೆ. ಎದ್ದಾಗ ಕೆನ್ನೆ ತುಂಬ ದದ್ದು. ವಾರವಿಡೀ ಉರಿ.

ಇದಕ್ಕೆ ಉತ್ತರ ಸಿಕ್ಕಿದ್ದು ಬ್ಯಾಂಕಿನವರು ನನ್ನನ್ನು ಪುತ್ತೂರಿಗೆ ವರ್ಗ ಮಾಡಿದಾಗ. ಅಲ್ಲಿನ ಸಹೋದ್ಯೋಗಿಯೊಬ್ಬರು ಒಂದು ಸಂಜೆ ಯಕ್ಷಗಾನದ ಚೌಕಿಗೆ ಕರೆದೊಯ್ದರು. ಚೌಕಿ ಎಂದರೆ ವೇಷ ಕಟ್ಟಿಕೊಳ್ಳುವ ಬಿಡಾರ. ಮೇಳದ ದೇವರ ಮುಂದೆ ದೀಪ. ಎರಡೂ ಬದಿ ನೆಲದ ಮೇಲೆ ಕಲಾವಿದರ ಸಾಲು. ಅಲ್ಲಿ ಪ್ರತಿಯೊಬ್ಬರೂ ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುತ್ತಾರೆ.

ನಾನು ಕಂಡದ್ದು ಹೀಗೆ. ಮೊದಲು ಮುಖವನ್ನು ತೊಳೆದು ಚೆನ್ನಾಗಿ ಒರೆಸಿಕೊಂಡರು. ಬಿಳಿ, ಹಳದಿ, ಕೆಂಪು ಪುಡಿಗಳನ್ನು ತೆಂಗಿನೆಣ್ಣೆಯಲ್ಲಿ ಅಂಗೈ ಮೇಲೆ ಕಲಸಿ, ತೆಳ್ಳಗೆ ಸವರಿದರು. ಅದರ ಮೇಲೆ ಪೌಡರ್ ಒತ್ತಿದರು. ಆಮೇಲೆ ತೆಳುವಾದ ಕಡ್ಡಿಯಿಂದ ಹುಬ್ಬು, ನಾಮ, ಕಣ್ಣಿನ ಗೆರೆ.

ಬೆವರು ಎಂದರೆ ಉಪ್ಪುನೀರು. ಎಣ್ಣೆಗೂ ನೀರಿಗೂ ಕೂಡುವುದಿಲ್ಲ. ಹಾಗಾಗಿ ಎಣ್ಣೆಯಲ್ಲಿ ಕಲಸಿದ ಬಣ್ಣ ಬೆವರಿಗೆ ಸುಲಭವಾಗಿ ಕರಗದು. ಪೌಡರ್ ಹೆಚ್ಚಿನ ಜಿಡ್ಡನ್ನು ಹೀರಿ ಬಣ್ಣವನ್ನು ಹಿಡಿದಿಡುತ್ತದೆ. ನಾವು ಲೆಡ್ಜರ್ ಬರೆದ ಮೇಲೆ ಬ್ಲಾಟಿಂಗ್ ಪೇಪರ್ ಒತ್ತುತ್ತಿದ್ದೆವಲ್ಲ, ಅದೇ ಕೆಲಸ. ಉಜ್ಜಿದರೆ ಶಾಯಿ ಹರಡುತ್ತಿತ್ತು, ಒತ್ತಿದರೆ ನಿಲ್ಲುತ್ತಿತ್ತು. ಬೆವರು ಬಂದಾಗಲೂ ಹಾಗೇ: ಮುಖ ಉಜ್ಜಬಾರದು, ಬಟ್ಟೆಯನ್ನು ಮೆಲ್ಲಗೆ ಒತ್ತಿ ತೆಗೆಯಬೇಕು.

ಮೂಲೆಯಲ್ಲಿ ರಾಕ್ಷಸ ಪಾತ್ರದವರೊಬ್ಬರು ಕೂತಿದ್ದರು. ತೆಂಕುತಿಟ್ಟಿನಲ್ಲಿ ಇದಕ್ಕೆ 'ಬಣ್ಣದ ವೇಷ' ಎನ್ನುತ್ತಾರೆ. ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ಬಿಳಿ ಹಿಟ್ಟನ್ನು ಕಡ್ಡಿಯಲ್ಲಿ ತೆಗೆದು, ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಮುಳ್ಳಿನಂತೆ ಇಡುತ್ತಾ ಹೋಗುವುದು. ಇದೇ 'ಚುಟ್ಟಿ'. ಒಂದು ಸುತ್ತು ಆರಿದ ಮೇಲೆ ಇನ್ನೊಂದು ಸುತ್ತು. ಗಂಟೆಗಟ್ಟಲೆ ಕೆಲಸ. ನಕ್ಕರೂ ಚುಟ್ಟಿ ಬಿರುಕು ಬಿಡುತ್ತದೆಂದು ಅವರು ಕಣ್ಣಲ್ಲೇ ಮಾತಾಡುತ್ತಿದ್ದರು. ನಡುರಾತ್ರಿ ಕಳೆದು ಅವರು ಅಬ್ಬರಿಸುತ್ತಾ ಬಂದಾಗ, ನಿದ್ದೆ ಹೋಗಿದ್ದ ಮಕ್ಕಳೆಲ್ಲ ಎದ್ದು ಅಮ್ಮಂದಿರ ಸೆರಗು ಹಿಡಿದರು. ಒಂದು ಚುಕ್ಕಿಯೂ ಉದುರಿರಲಿಲ್ಲ.

ನನಗೆ ಇನ್ನೂ ದೊಡ್ಡ ಪಾಠ ಸಿಕ್ಕಿದ್ದು ಬೆಳಿಗ್ಗೆ. ರಾತ್ರಿಯೆಲ್ಲ ಕುಣಿದು ದಣಿದಿದ್ದರೂ ಒಬ್ಬರೂ ಹಾಗೇ ಮಲಗಲಿಲ್ಲ. ತೆಂಗಿನೆಣ್ಣೆ ಸವರಿ, ಹಳೆಯ ಬಟ್ಟೆಯಲ್ಲಿ ಬಣ್ಣ ತೆಗೆದು, ಮುಖ ತೊಳೆದ ಮೇಲೆಯೇ ಚಾಪೆ ಬಿಡಿಸಿದರು. ಎಣ್ಣೆಯಲ್ಲಿ ಹಚ್ಚಿದ್ದನ್ನು ಎಣ್ಣೆಯೇ ಬಿಡಿಸಬೇಕು; ಬರೀ ನೀರು ಸಾಲದು.

ಈ ಎಚ್ಚರಿಕೆಗೆ ಕಾರಣವಿದೆ. ಹಿಂದಿನ ಕಾಲದಲ್ಲಿ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ ಬಳಸುತ್ತಿದ್ದರು. ಅರದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸ. ಯುರೋಪಿನ ನಟರು ಬಳಿಯುತ್ತಿದ್ದ ಬಿಳಿ ಬಣ್ಣದಲ್ಲಿ ಸೀಸವಿತ್ತು. ಮೂರೂ ವಿಷವೇ. ಜರ್ಮನಿಯ ಲುಡ್ವಿಗ್ ಲೈಶ್ನರ್ ಸ್ವತಃ ರಂಗಗಾಯಕ. 1873ರಲ್ಲಿ ಅವನು ಸೀಸವಿಲ್ಲದ, ಜಿಡ್ಡಿನಲ್ಲಿ ಕಲಸಿದ ರಂಗಬಣ್ಣವನ್ನು ಮಾರುಕಟ್ಟೆಗೆ ತಂದ. ಇವತ್ತು ನಮ್ಮ ದೇಶದ ಕಾನೂನೂ ಸೌಂದರ್ಯವರ್ಧಕಗಳ ಬಣ್ಣಕ್ಕೆ ಸೀಸ, ಆರ್ಸೆನಿಕ್ ಬಳಸುವುದನ್ನು ನಿಷೇಧಿಸಿದೆ. ಆದರೂ ಹೆಸರು ವಿಳಾಸವಿಲ್ಲದ ಡಬ್ಬಿಯೊಳಗೆ ಏನಿದೆಯೋ ಯಾರು ಬಲ್ಲರು?

ಮಕ್ಕಳೇ, ನಿಮ್ಮ ಮುಖಕ್ಕೂ ಬಣ್ಣ ಹಚ್ಚುವ ದಿನ ಬಂದರೆ ಇಷ್ಟು ನೆನಪಿಡಿ. ಮುಖಕ್ಕೆಂದೇ ತಯಾರಿಸಿದ ಬಣ್ಣವನ್ನೇ ಬಳಸಿ. ಡ್ರಾಯಿಂಗ್ ಕ್ಲಾಸಿನ ಬಣ್ಣವೂ ಬೇಡ, ಹೋಳಿಯ ಬಣ್ಣವೂ ಬೇಡ. ಹಿಂದಿನ ದಿನವೇ ಮೊಳಕೈಯ ಒಳಬದಿಗೆ ಚೂರು ಹಚ್ಚಿ ನೋಡಿ. ಉರಿ, ತುರಿಕೆ ಬಂದರೆ ಆ ಡಬ್ಬಿಯನ್ನು ಮುಟ್ಟಬೇಡಿ. ದಪ್ಪಗೆ ಒಂದೇ ಸಲ ಬಳಿಯಬೇಡಿ. ತೆಳುವಾಗಿ ಹಚ್ಚಿ, ಆರಿದ ಮೇಲೆ ಇನ್ನೊಂದು ಸಲ ಹಚ್ಚಿ. ಕಣ್ಣಿನ ಅಂಚಿಗೆ ತಾಗದಿರಲಿ. ರಂಗಕ್ಕೆ ಹೋಗುವ ಹೊತ್ತು ನೋಡಿಕೊಂಡು ಹಚ್ಚಿಸಿಕೊಳ್ಳಿ. ಮಲಗುವ ಮುಂಚೆ ತೆಗೆಯಲೇಬೇಕು. ಅಜ್ಜ ಅಜ್ಜಿಯರೇ, ಈ ಕೊನೆಯದು ನಮ್ಮ ಪಾಲಿನ ಕೆಲಸ.

ಈ ವರ್ಷವೂ ಅವಳು ಹುಲಿಯೇ. ಹೀಗೆಲ್ಲ ಮಾಡಿದ್ದರಿಂದ ಮನೆಗೆ ಬರುವವರೆಗೂ ಒಂದು ಪಟ್ಟೆಯೂ ಅಳಿಸಲಿಲ್ಲ. ಈಗ ಹೊಸ ತಕರಾರು. "ತೊಳೀಬೇಡಿ ತಾತ, ನಾಳೆ ಸ್ಕೂಲಿಗೆ ಹೀಗೇ ಹೋಗ್ತೀನಿ!"

ನಾನು ತೆಂಗಿನೆಣ್ಣೆ ಬಟ್ಟಲು, ಹಳೆಯ ಪಂಚೆಯ ತುಂಡು ಹಿಡಿದು ಕೂತೆ. ಅವಳ ಅಜ್ಜಿ ಫೋನಿನಲ್ಲಿ ಒಂದು ಫೋಟೋ ತೆಗೆದಳು. ಎಡಗೆನ್ನೆ ಒರೆಸುವಷ್ಟರಲ್ಲಿ ಹುಲಿ ನನ್ನ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಬಲಗೆನ್ನೆಯನ್ನು ಎಬ್ಬಿಸದೆ ಮೆಲ್ಲಗೆ ಒರೆಸಿದೆ.